ಇಪ್ಪತ್ತೈದೋ, ಐವತ್ತೆರಡೋ?

ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರ, ಮನೆಯೊಂದರ ಮಹಡಿಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಕೇಂದ್ರವಿದೆ. ಕಾಲೇಜು ಮುಗಿಸಿ ವಾರಕ್ಕೆ ನಾಲ್ಕು ಸಂಜೆ ನಾನು ಅಲ್ಲಿ ಪಾಠ ಮಾಡುತ್ತೇನೆ. ಬಿ.ಇ. ಐದನೇ ಸೆಮಿಸ್ಟರ್‌ನಲ್ಲಿದ್ದೇನೆ, ಮೂರನೇ ಸೆಮಿಸ್ಟರ್‌ನ ಗಣಿತ ಇನ್ನೂ ಬಾಕಿ ಇದೆ. ‘ನಿಂದೇ ಬ್ಯಾಕ್ ಐತಿ, ನೀ ಏನ್ ಕಲಸ್ತೀಯಲೇ?’ ಎಂದು ಗೆಳೆಯರು ನಗುತ್ತಾರೆ. ಕೈಖರ್ಚಿಗೆಂದು ಸೇರಿದವನು ನಾನು. ಮೂರನೇ ತರಗತಿಯ ಲೆಕ್ಕದಲ್ಲಿ ಕಲಿಸುವುದೇನು ಮಹಾ ಎಂದುಕೊಂಡಿದ್ದೆ.

ಆ ಸೊಕ್ಕು ಇಳಿಸಿದ್ದು ಅದೇ ತರಗತಿಯ ಒಬ್ಬ ಹುಡುಗಿ. ಮನೆಮಾತು ಮರಾಠಿ, ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಅಂಕಿಗಳ ಉಕ್ತಲೇಖನ ಕೊಟ್ಟೆ. ‘ಟ್ವೆಂಟಿ ಫೈವ್’ ಎಂದರೆ 52 ಬರೆದಳು. ‘ಥರ್ಟಿ ಸಿಕ್ಸ್’ ಎಂದರೆ 63. ಹತ್ತು ಸಲ ತಿದ್ದಿ ಬರೆಸಿದೆ. ಮರುದಿನ ಮತ್ತೆ ಅದೇ. ಸಿಟ್ಟಿನಲ್ಲಿ ಅವಳ ವಹಿಯ ಮೇಲೆ ಕೆಂಪು ಪೆನ್ನಿನಿಂದ ‘ಲಕ್ಷ್ಯ ಇಲ್ಲ’ ಎಂದು ಬರೆದುಬಿಟ್ಟೆ.

ಅದನ್ನು ನೋಡಿ ತಾಯಿ ಬಂದರು. ‘ಈಕಿಗೆ ಗಣಿತ ತಲಿಗೆ ಹತ್ತೂದಿಲ್ರಿ ಸರ್. ಈ ತಿಂಗಳ ಮುಗದ ಮ್ಯಾಲೆ ಬಿಡಸ್ತೀನಿ’ ಎಂದರು. ಹುಡುಗಿ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದಳು.

ಆ ಸಂಜೆ ಅವಳ ಪಕ್ಕದಲ್ಲೇ ಕುಳಿತು, ಹೇಗೆ ಬರೆಯುತ್ತಾಳೆಂದು ನೋಡಿದೆ. ನಾನು ಹೇಳಿದ ಅಂಕಿಯನ್ನು ಮೊದಲು ತುಟಿಯಲ್ಲೇ ಮರಾಠಿಗೆ ತಿರುಗಿಸಿಕೊಳ್ಳುತ್ತಿದ್ದಳು: ‘ಪಂಚವೀಸ್’. ಆಮೇಲೆ ಕಿವಿಗೆ ಬಿದ್ದ ಕ್ರಮದಲ್ಲೇ ಮೊದಲು ಐದು, ನಂತರ ಎರಡು. ‘ಪಾಂಚ ಮೊದ್ಲ ಬರ್ತೈತಲ್ಲ, ದಾದಾ?’ ಎಂದಳು.

ನನಗದು ಹೊಳೆದೇ ಇರಲಿಲ್ಲ. ನಮ್ಮ ಇಪ್ಪತ್ತೈದರಲ್ಲೂ ಇಂಗ್ಲಿಷಿನ ಟ್ವೆಂಟಿ ಫೈವ್‌ನಲ್ಲೂ ಹತ್ತರ ಸ್ಥಾನ ಮುಂದೆ. ಮರಾಠಿ, ಹಿಂದಿಗಳಲ್ಲಿ, ಸಂಸ್ಕೃತದ ಪಂಚವಿಂಶತಿಯಲ್ಲಿ ಬಿಡಿ ಸ್ಥಾನ ಮುಂದೆ. ಜರ್ಮನ್ನರೂ ‘ಐದು ಮತ್ತು ಇಪ್ಪತ್ತು’ ಎಂದೇ ಹೇಳುತ್ತಾರೆ. ಮನೆಯಲ್ಲೊಂದು, ಶಾಲೆಯಲ್ಲೊಂದು, ಓಣಿಯಲ್ಲೊಂದು ಭಾಷೆ ಆಡುವ ಬೆಳಗಾವಿಯ ಮಗುವಿಗೆ ಇದು ಗೊಂದಲವೇ ಹೊರತು ದಡ್ಡತನವಲ್ಲ.

ಮರುದಿನ ಕಸಬರಿಗೆ ಕಡ್ಡಿಗಳನ್ನು ಒಯ್ದೆ. ಹತ್ತು ಹತ್ತು ಕಡ್ಡಿಗೆ ಒಂದೊಂದು ರಬ್ಬರ್ ಬ್ಯಾಂಡ್. ‘ಯಾವ ಭಾಷೆಯಲ್ಲಾದರೂ ಹೇಳು, ಕಟ್ಟು ಎಡಕ್ಕೆ, ಬಿಡಿ ಕಡ್ಡಿ ಬಲಕ್ಕೆ’ ಎಂದೆ. ಕಡ್ಡಿ ಇಟ್ಟು, ನೋಡಿ, ಬರೆಯತೊಡಗಿದಳು. ವಾರದೊಳಗೆ ಹೆಚ್ಚಿನವು ಸರಿಯಾದವು.

ಒಂದು ದಿನ 29ಕ್ಕೆ 29 ಕೂಡಿಸಲು ಕೊಟ್ಟೆ. ‘ಒಂಬತ್ತು, ಒಂಬತ್ತು ಹದಿನೆಂಟು, ಕೈಯಲ್ಲಿ ಒಂದು’ ಎಂದು ನಾನು ಹಲಗೆಯ ಮೇಲೆ ಬರೆಯುವಷ್ಟರಲ್ಲಿ ಅವಳು ‘58’ ಎಂದಳು. ಹೇಗೆ? ಮರಾಠಿಯಲ್ಲಿ 29 ಅಂದರೆ ‘ಏಕೋಣತೀಸ್’, ಮೂವತ್ತಕ್ಕೆ ಒಂದು ಕಡಿಮೆ. ‘ಎರಡ ಮೂವತ್ತು ಅರವತ್ತು, ಅದರಾಗ ಎರಡ ತಗದೆ’ ಎಂದಳು. ಅಡ್ಡಿ ಎಂದುಕೊಂಡಿದ್ದ ಮನೆಮಾತೇ ಅವಳಿಗೆ ನನಗಿಂತ ಹತ್ತಿರದ ದಾರಿ ತೋರಿಸಿತ್ತು.

ತಾಯಿ ಅವಳನ್ನು ಬಿಡಿಸಲಿಲ್ಲ. ಈಗಲೂ ಅವಸರದಲ್ಲಿ ಒಮ್ಮೊಮ್ಮೆ 52 ಬರುತ್ತದೆ. ತಾನೇ ನಕ್ಕು ತಿದ್ದಿಕೊಳ್ಳುತ್ತಾಳೆ. ನಾನೂ ಬಾಕಿ ಉಳಿದ ವಿಷಯದ ಹಳೆಯ ಲೆಕ್ಕಗಳನ್ನು ತೆಗೆದು, ಯಾವ ಸಾಲಿನಲ್ಲಿ, ಏನು ಯೋಚಿಸಿ ತಪ್ಪಿದೆ ಎಂದು ನೋಡುತ್ತಿದ್ದೇನೆ. ಅವಳ ವಹಿಯಲ್ಲಿ ಆ ಕೆಂಪು ಅಕ್ಷರಗಳು ಇನ್ನೂ ಇವೆ. ಲಕ್ಷ್ಯ ಇಲ್ಲದಿದ್ದುದು ನನಗೆ.