ಧಕ್ಕೆಗೂ ಬೇಕು ಆರೋಗ್ಯ ತಪಾಸಣೆ

ದೋಣಿ ಹತ್ತುವಾಗ ನಾವು ಕಾಲಿಡುವ ಧಕ್ಕೆ ಎಷ್ಟು ಗಟ್ಟಿಯಾಗಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು.

ಅಮೆರಿಕದ ಜಾರ್ಜಿಯಾ ರಾಜ್ಯದ ಸಪೆಲೊ ದ್ವೀಪಕ್ಕೆ ಸೇತುವೆ ಇಲ್ಲ, ಜನ ಫೆರಿಯಲ್ಲೇ ಹೋಗಿಬರಬೇಕು. 2024ರ ಅಕ್ಟೋಬರ್ 19ರಂದು ಅಲ್ಲಿನ ಉತ್ಸವಕ್ಕೆ ತುಂಬ ಜನ ಸೇರಿದ್ದರು. ಅಂದು ಫೆರಿ ಧಕ್ಕೆಯ ಅಲ್ಯೂಮಿನಿಯಂ ಕಾಲುದಾರಿ ಮುರಿದುಬಿದ್ದು 7 ಜನ ತೀರಿಕೊಂಡರು. ಅದನ್ನು ಅಳವಡಿಸಿದ್ದು 2021ರಲ್ಲಿ. ಅದೇ 2024ರ ಆಗಸ್ಟ್ 7ರ ನಡುರಾತ್ರಿ ನಮ್ಮ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕುಳಿದರು. ಆ ಸೇತುವೆಗೆ ಸುಮಾರು 40 ವರ್ಷವಾಗಿತ್ತು. ಬಿದ್ದವುಗಳಲ್ಲಿ ಒಂದು ಹೊಸದು, ಇನ್ನೊಂದು ಹಳೆಯದು. ಹಾಗಾಗಿ ಬರೀ ವಯಸ್ಸು ನೋಡಿ ನಂಬುವಂತಿಲ್ಲ, ಪರೀಕ್ಷಿಸಿಯೇ ನೋಡಬೇಕು.

ಕಡಲ ತೀರದಲ್ಲಿ ಕಾಂಕ್ರೀಟಿನ ದೊಡ್ಡ ಶತ್ರು ಉಪ್ಪು. ಉಪ್ಪುನೀರು ಸಣ್ಣ ರಂಧ್ರಗಳಿಂದ ಒಳಗಿಳಿದು ಕಬ್ಬಿಣದ ಸರಳನ್ನು ಮುಟ್ಟುತ್ತದೆ. ಸರಳಿಗೆ ತುಕ್ಕು ಹಿಡಿಯುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ 'ಜಂಗ್' ಎನ್ನುತ್ತೇವೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟ್ ಒಳಗಿನಿಂದಲೇ ಬಿರುಕು ಬಿಟ್ಟು ಉದುರುತ್ತದೆ. ಉಬ್ಬರ ಇಳಿತಕ್ಕೆ ಕಂಬದ ಯಾವ ಭಾಗ ದಿನವೂ ಒದ್ದೆಯಾಗಿ ಒಣಗುತ್ತದೋ ಅಲ್ಲಿ ಹಾನಿ ಹೆಚ್ಚು. ಕೆಳಗೆ ನೀರಿನ ಸೆಳೆತ ಕಂಬದ ಬುಡದ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ.

ಇದನ್ನು ಪತ್ತೆಹಚ್ಚುವುದು ಹೇಗೆ? ಮೊದಲನೆಯದು ಕಣ್ಣು: ಬಿರುಕು, ಕಂದು ಕಲೆ, ಸಡಿಲ ಬೋಲ್ಟು. ಎರಡನೆಯದು ಸುತ್ತಿಗೆ: ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಎಂದರ್ಥ. ನೀರಿನೊಳಗಿನ ಭಾಗವನ್ನು ಮುಳುಗುಗಾರರು ನೋಡುತ್ತಾರೆ. ಈಗ ಸೆನ್ಸರ್‌ಗಳೂ ಇವೆ. ಕಂಬ ಎಷ್ಟು ವಾಲಿದೆ, ಭಾರ ಬಿದ್ದಾಗ ಎಷ್ಟು ಹಿಗ್ಗುತ್ತದೆ, ಹೇಗೆ ಕಂಪಿಸುತ್ತದೆ ಎಂದು ಅವು ಹಗಲೂ ರಾತ್ರಿ ಅಳೆಯುತ್ತವೆ. ಕಂಪನದ ರೀತಿ ಬದಲಾದರೆ ಅದು ಎಚ್ಚರಿಕೆ. ಆದರೆ ಆ ಎಚ್ಚರಿಕೆಯನ್ನು ಓದಿ ದಾರಿ ಮುಚ್ಚಿಸುವ ಮನುಷ್ಯ ಇರದಿದ್ದರೆ ಸೆನ್ಸರ್ ಇದ್ದೂ ಪ್ರಯೋಜನವಿಲ್ಲ.

ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಆಸ್ತಿಯ ಮೇಲೆ ಪ್ರತಿ ವರ್ಷ ಸವಕಳಿ ಬರೆಯುತ್ತೇವೆ. ಪುಸ್ತಕದಲ್ಲಿ ಇನ್ನೂ ಬೆಲೆ ಉಳಿದಿರಬಹುದು, ನೀರಿನಡಿಯ ಕಂಬ ಮಾತ್ರ ಆಗಲೇ ಸವೆದಿರಬಹುದು. ಧಕ್ಕೆ ಕಟ್ಟುವ ಹಣದ ಜೊತೆಗೇ ತಪಾಸಣೆಯ ಹಣವನ್ನೂ ತೆಗೆದಿಡಬೇಕು. ಅದನ್ನು ಉಳಿಸಿದರೆ ಲಾಭವಲ್ಲ, ಮುಂದೆ ತೀರಿಸಬೇಕಾದ ಸಾಲ.

ನಾವೂ ಸುಮ್ಮನಿರಬೇಕಿಲ್ಲ. ಮುಂದಿನ ಸಲ ಜೆಟ್ಟಿಗೆ ಹೋದಾಗ ಎಷ್ಟು ಜನ ನಿಲ್ಲಬಹುದು ಎಂಬ ಫಲಕವಿದ್ದರೆ ಓದಿ ಪಾಲಿಸೋಣ. ಎಲ್ಲರೂ ಒಮ್ಮೆಲೇ ಕಾಲುದಾರಿಗೆ ನುಗ್ಗುವುದು ಬೇಡ. ಬಿರುಕು ಅಥವಾ ತುಕ್ಕಿನ ಕಲೆ ಕಂಡರೆ ಅಲ್ಲಿನ ಸಿಬ್ಬಂದಿಗೋ ಪಂಚಾಯತಿಗೋ ತಿಳಿಸೋಣ.