ಸ್ವಾಮಿಭಕ್ತಿಯ ಬೇರುಗಳು: ವೇಳೆವಾಳಿ, ಕೀಳ್ಗುಂಟೆ ಮತ್ತು ಗರುಡ ಪದ್ಧತಿಗಳನ್ನು ಕುರಿತು

ರಾಜಕೀಯ ನಿಷ್ಠೆಯು ವಿವೇಚನೆಯಿಂದ ಹುಟ್ಟುವುದೋ ಅಥವಾ ವಿವೇಚನೆಗೂ ಹಿಂದಿನ ಯಾವುದೋ ಆದಿಮ ಪ್ರವೃತ್ತಿಯಿಂದ ಹುಟ್ಟುವುದೋ ಎಂಬ ಪ್ರಶ್ನೆ ರಾಜ್ಯಶಾಸ್ತ್ರಕ್ಕೂ ಇತಿಹಾಸಕ್ಕೂ ಸಮಾನವಾದುದು. ಇಂಗ್ಲೆಂಡಿನ ಗ್ರಹಾಂ ವಾಲಸ್ ಅವರು 1908ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯನು ರಾಜಕಾರಣದಲ್ಲಿ ಲಾಭನಷ್ಟಗಳನ್ನು ತೂಗಿನೋಡಿಯೇ ನಡೆಯುತ್ತಾನೆಂಬ ಅಂದಿನ ನಂಬಿಕೆಯನ್ನು ಪ್ರಶ್ನಿಸಿ, ಪ್ರೀತಿ, ಭಯ, ರೂಢಿ, ಹೆಸರು ಮತ್ತು ಚಿಹ್ನೆಗಳ ಆಕರ್ಷಣೆ ಮೊದಲಾದುವಕ್ಕೆ ಅಲ್ಲಿ ಎಷ್ಟು ಬಲವಿದೆಯೆಂಬುದನ್ನು ತೋರಿಸಿದರು. 1916ರಲ್ಲಿ ಶಸ್ತ್ರವೈದ್ಯರಾದ ವಿಲ್ಫ್ರೆಡ್ ಟ್ರಾಟರ್ ಅವರು ಯುದ್ಧಕಾಲದ ಜನತೆಯ ನಡತೆಯನ್ನು ಹಿಂಡಿನ ಪ್ರವೃತ್ತಿಯಿಂದ ವಿವರಿಸಲು ಯತ್ನಿಸಿದರು. ಅಂದಿನಿಂದ ನಿಷ್ಠೆಯ ಅತಿರೇಕವೇನಾದರೂ ಕಂಡಲ್ಲಿ ಅದನ್ನು ‘ಆದಿಮ ಪ್ರವೃತ್ತಿ’ ಎಂದು ಕರೆದು ವಿಚಾರವನ್ನು ಅಲ್ಲಿಗೇ ಮುಗಿಸುವುದು ಒಂದು ವಾಡಿಕೆಯೇ ಆಗಿದೆ. ಈ ವಿವರಣೆ ಎಷ್ಟರ ಮಟ್ಟಿಗೆ ಸಾಲುತ್ತದೆಂಬುದನ್ನು ಪರೀಕ್ಷಿಸಲು ಕನ್ನಡ ಶಾಸನಗಳಲ್ಲಿ ಹೇರಳವಾದ ಸಾಮಗ್ರಿಯಿದೆ. ಒಡೆಯನಿಗಾಗಿ ಪ್ರಾಣಬಿಟ್ಟವರ ವಿಷಯದಲ್ಲಿ ಅವು ಏನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ನಾವಿಲ್ಲಿ ಸ್ಥೂಲವಾಗಿ ಪರಿಶೀಲಿಸಬಯಸುತ್ತೇವೆ.

ಮೊದಲಿಗೆ ಒಂದು ಭೇದವನ್ನು ಗಮನಿಸಬೇಕು. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಬಹುಪಾಲು, ಕಾಳಗದಲ್ಲಿ, ತುರುಗೊಳ್‌ನಲ್ಲಿ ಅಥವಾ ಊರಳಿವಿನಲ್ಲಿ ಹೋರಾಡಿ ಮಡಿದವರವು. ಅಲ್ಲಿ ಎದುರಿಗೆ ಶತ್ರುವಿರುತ್ತಾನೆ. ಕೋಪ, ಆತ್ಮರಕ್ಷಣೆ, ಜೊತೆಯವರ ಮುಂದೆ ಹಿಂಜರಿಯಬಾರದೆಂಬ ಛಲ ಇವೆಲ್ಲ ಕೆಲಸಮಾಡುತ್ತವೆ. ಆ ಮರಣವನ್ನು ಪ್ರವೃತ್ತಿಯ ಬಲದಿಂದಲೇ ವಿವರಿಸಬಹುದೆಂದು ವಾದಕ್ಕಾಗಿ ಒಪ್ಪಿಕೊಳ್ಳೋಣ. ಆದರೆ ಅರಸನು ಸತ್ತ ಸುದ್ದಿ ಕೇಳಿ, ಎದುರಿಗೆ ಯಾವ ಶತ್ರುವೂ ಇಲ್ಲದಿರುವಾಗ, ಹಿಂದೆಂದೋ ಕೊಟ್ಟ ಭಾಷೆಯನ್ನು ನೆನೆದು ಸಾವನ್ನಪ್ಪುವವನ ಸಂಗತಿ ಬೇರೆ. ಜೀವಿಸಬೇಕೆಂಬ ಮೂಲ ಪ್ರವೃತ್ತಿಯನ್ನೇ ಅವನು ಮೀರಿದ್ದಾನೆ. ಹಾಗೆ ಮೀರುವುದಕ್ಕೆ ಅವನನ್ನು ಸಿದ್ಧಪಡಿಸಿದುದು ಯಾವುದು?

ಈ ಪದ್ಧತಿಗೆ ಸಂಬಂಧಿಸಿದ ಶಬ್ದಗಳೇ ಉತ್ತರದ ಒಂದು ಭಾಗವನ್ನು ಕೊಡುತ್ತವೆ. ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಮೂರು ಮಾತುಗಳು ಹಳಗನ್ನಡ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಬರುತ್ತವೆ. ಇವುಗಳ ಸ್ವರೂಪವನ್ನು ಡಾ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ವಿವೇಚಿಸಿದ್ದಾರೆ. ಜೋಳವಾಳಿಯೆಂದರೆ ಒಡೆಯನ ಜೋಳವನ್ನು ಉಂಡದ್ದರಿಂದ ಬಂದ ಹೊಣೆ. ವೇಳೆವಾಳಿಯೆಂದರೆ ವೇಳೆ ಒದಗಿದಾಗ ಪ್ರಾಣವನ್ನು ಒಪ್ಪಿಸುವೆನೆಂಬ ಪ್ರತಿಜ್ಞೆ. ಲೆಂಕನೆಂದರೆ ಇಂಥ ಪ್ರತಿಜ್ಞೆಗೆ ಒಳಪಟ್ಟ ಸೇವಕ. ಎಲ್ಲಕ್ಕೂ ಬುಡದಲ್ಲಿರುವುದು ಅನ್ನ. ಸಂಬಳಕ್ಕೆ ದುಡಿಯುವವನು ದುಡಿಮೆಯಿಂದ ಋಣವನ್ನು ತೀರಿಸುತ್ತಾನೆ. ಆದರೆ ಉಂಡ ಅನ್ನವು ದೇಹವೇ ಆಗಿಬಿಡುವುದರಿಂದ ಆ ಋಣ ದೇಹವಿರುವವರೆಗೆ ತೀರದೆಂಬ ಭಾವನೆ ಇಲ್ಲಿದೆ. ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬ ಮಾತು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಸವೆದಿಲ್ಲ. ಪಂಪನ ಕರ್ಣನು ತನ್ನ ಜನ್ಮರಹಸ್ಯವನ್ನು ತಿಳಿದ ಮೇಲೂ ದುರ್ಯೋಧನನನ್ನು ಬಿಡಲೊಪ್ಪದಿರುವುದು ಈ ನೀತಿಯ ಹಿನ್ನೆಲೆಯಲ್ಲಿಯೇ. ರಕ್ತಸಂಬಂಧಕ್ಕಿಂತ ಅನ್ನಸಂಬಂಧವು ಅಲ್ಲಿ ಹೆಚ್ಚು ತೂಗುತ್ತದೆ.

ಈ ಅನ್ನಸಂಬಂಧವನ್ನು ವಿಧಿಪೂರ್ವಕವಾಗಿ ಕಟ್ಟುತ್ತಿದ್ದುದಕ್ಕೆ ಹೊರಗಿನವರ ಸಾಕ್ಷ್ಯವೂ ಇದೆ. 10ನೆಯ ಶತಮಾನದ ಅರಬ್ ಲೇಖಕ ಅಬೂ ಝೈದನು ಭಾರತದ ಕೆಲವು ಅರಸರ ಪಟ್ಟಾಭಿಷೇಕವನ್ನು ವರ್ಣಿಸುತ್ತಾನೆ. ಹೊಸ ಅರಸನಿಗಾಗಿ ಅನ್ನ ಬೇಯಿಸಿ ಬಾಳೆಯ ಎಲೆಯ ಮೇಲೆ ಇಡುತ್ತಾರೆ. ಅರಸನು ತಾನು ಉಂಡು ಉಳಿದುದನ್ನು, ಬಲಾತ್ಕಾರವಿಲ್ಲದೆ ತಾವಾಗಿ ಮುಂದೆ ಬಂದ ಸಂಗಾತಿಗಳಿಗೆ ಸ್ವಲ್ಪಸ್ವಲ್ಪವಾಗಿ ಹಂಚುತ್ತಾನೆ. ಹಾಗೆ ಉಂಡವರೆಲ್ಲರೂ ಅರಸನು ತೀರಿಕೊಂಡಾಗ ಬೆಂಕಿಗೆ ಬಿದ್ದು ಸಾಯತಕ್ಕದ್ದು. 13ನೆಯ ಶತಮಾನದಲ್ಲಿ ಮಾರ್ಕೊ ಪೋಲೊ ಸಹ ತಮಿಳುನಾಡಿನ ಕರಾವಳಿಯ ಅರಸನ ಒಡನಾಡಿಗಳು ಅವನ ಚಿತೆಯನ್ನೇರುತ್ತಿದ್ದರೆಂದು ಬರೆದಿದ್ದಾನೆ. ಪ್ರವಾಸಿಗಳ ಮಾತಿನಲ್ಲಿ ಅತಿಶಯವಿರಬಹುದು. ಆದರೆ ಒಂದೇ ಅನ್ನವನ್ನು ಹಂಚಿಕೊಂಡವರು ಒಂದೇ ದೇಹದಂತಾಗುತ್ತಾರೆಂಬ ಅವರ ಚಿತ್ರಕ್ಕೂ ನಮ್ಮ ‘ಜೋಳವಾಳಿ’ ಎಂಬ ಶಬ್ದಕ್ಕೂ ಇರುವ ಹೊಂದಿಕೆ ಆಕಸ್ಮಿಕವೆಂದು ತೋರುವುದಿಲ್ಲ.

ಎರಡನೆಯ ಬೇರು ಅರಸನ ದೇಹವನ್ನು ಕುರಿತ ನಂಬಿಕೆ. ಅರಸನ ಕ್ಷೇಮವೇ ನಾಡಿನ ಕ್ಷೇಮವೆಂದೂ, ಅವನಿಗಾಗಿ ಕೊಟ್ಟ ಪ್ರಾಣವನ್ನು ದೇವತೆಗಳು ಸ್ವೀಕರಿಸುತ್ತಾರೆಂದೂ ಜನರು ನಂಬಿದ್ದರು. 10ನೆಯ ಶತಮಾನದ ಕೊನೆಯ ಭಾಗದ ಸೊರಬ ಸೀಮೆಯ ಒಂದು ಶಾಸನದಲ್ಲಿ, ಶಾಂತಿವರ್ಮ ಅರಸನಿಗೆ ಮಗನಾದರೆ ತನ್ನ ತಲೆಯನ್ನು ದೇವಿಗೆ ಒಪ್ಪಿಸುವೆನೆಂದು ಹರಕೆ ಹೊತ್ತ ಕಾಟೆಗನೆಂಬುವನು ಅದನ್ನು ತೀರಿಸಿದ ಸಂಗತಿಯಿದೆ. ಇಲ್ಲಿ ನಿಷ್ಠೆಯು ಹರಕೆಯ ರೂಪವನ್ನೇ ತಾಳಿದೆ. ಗಂಗರ ಕಾಲದ ಕೀಳ್ಗುಂಟೆಯ ಹಿಂದಿರುವುದು ಇನ್ನೊಂದು ನಂಬಿಕೆ. ಒಡೆಯನ ಶವದ ಕೆಳಗೆ ಗುಂಡಿಯಲ್ಲಿ ಸೇವಕನೂ ಸೇರಿಹೋಗುವುದಕ್ಕೆ ಕೀಳ್ಗುಂಟೆಯೆಂದು ಹೆಸರು. 9ನೆಯ ಶತಮಾನದ ದೊಡ್ಡಹುಂಡಿಯ ಶಿಲೆಯಲ್ಲಿ ಗಂಗ ನೀತಿಮಾರ್ಗನು ಮಂಚದ ಮೇಲೆ ಒರಗಿದ್ದಾನೆ. ಸಮೀಪದಲ್ಲಿ ಅವನ ಮಗನೂ, ಕೀಳ್ಗುಂಟೆಗೆ ಸಂದ ಅಗರಯ್ಯನೂ ಇದ್ದಾರೆ. ಪರಲೋಕದಲ್ಲಿಯೂ ಅರಸನು ಅರಸನೇ, ಆಳು ಆಳೇ ಎಂಬ ಕಲ್ಪನೆಯಿಲ್ಲದೆ ಈ ಪದ್ಧತಿಗೆ ಅರ್ಥವಿಲ್ಲ.

ಹೊಯ್ಸಳರ ಕಾಲಕ್ಕೆ ಈ ಎಳೆಗಳೆಲ್ಲ ಕೂಡಿ ‘ಗರುಡ’ ಎಂಬ ಸಂಸ್ಥೆಯಾಯಿತು. ಗರುಡನು ವಿಷ್ಣುವಿನ ವಾಹನ, ಅವನ ನಿತ್ಯಸೇವಕ. ಅರಸನಿಗೆ ಗರುಡನಾಗುವುದೆಂದರೆ ಸಂಬಳದ ಸೇವೆಯನ್ನು ದೈವಿಕ ಸಂಬಂಧವಾಗಿ ಮಾರ್ಪಡಿಸಿಕೊಳ್ಳುವುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣ ಪಾರ್ಶ್ವದಲ್ಲಿರುವ ಕಂಬ ಇದರ ಪ್ರಸಿದ್ಧ ಸ್ಮಾರಕ. ಇಮ್ಮಡಿ ಬಲ್ಲಾಳನ ದಂಡನಾಯಕನಾದ ಕುವರಲಕ್ಷ್ಮನನ್ನು ಅರಸನು ಮಗನಂತೆ ಬೆಳೆಸಿದನೆಂದೂ, ಒಡೆಯನಿಗೂ ಆಳಿಗೂ ಭೇದವೇ ಇರಲಿಲ್ಲವೆಂದೂ ಅಲ್ಲಿನ ಶಾಸನ ಹೇಳುತ್ತದೆ. ಪ್ರತಿಜ್ಞೆಯ ಕುರುಹಾಗಿ ಅವನು ಎಡಗಾಲಿಗೆ ತೊಡರನ್ನು ತೊಟ್ಟಿದ್ದನು. ಅವನೂ, ಅವನ ಹೆಂಡತಿ ಸುಗ್ಗಲದೇವಿಯೂ, ಸಾವಿರ ಮಂದಿ ವೀರರೂ ಒಡೆಯನೊಡನೆ ಪ್ರಾಣವನ್ನೊಪ್ಪಿಸಿದರೆಂಬುದು ಶಾಸನದ ಸಾರಾಂಶ. ಬಲ್ಲಾಳನ ಆಳಿಕೆ ಕೊನೆಗೊಂಡುದು 1220ರಲ್ಲಿ. ಕಂಬದ ಮೇಲಿನ ಚಿಕ್ಕ ವಿಗ್ರಹಗಳು ತಮ್ಮ ತಲೆಗಳನ್ನೂ ಅಂಗಗಳನ್ನೂ ತಾವೇ ಕತ್ತಿಯಿಂದ ಕೊಯ್ದುಕೊಳ್ಳುತ್ತಿವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ 13ನೆಯ ಶತಮಾನದ ಕಂಬಗಳಲ್ಲಿ ಇನ್ನೂ ಗಮನಾರ್ಹವಾದ ಸಂಗತಿಯಿದೆ. ಒಂದೇ ಮನೆತನದ ಹಲವು ತಲೆಮಾರುಗಳ ನಾಯಕರು ಒಬ್ಬರಾದ ಮೇಲೊಬ್ಬರಂತೆ ಹೊಯ್ಸಳ ಅರಸರಿಗೆ ಗರುಡರಾಗಿ ಸಂದರೆಂದು ಅಲ್ಲಿ ಹೇಳಿದೆ. ಅವರೊಡನೆ ಹೆಂಡಿರೂ ದಾಸದಾಸಿಯರೂ ಸತ್ತರು.

ಮರಣವು ಮನೆತನದ ವೃತ್ತಿಯಾಗಿ ನಡೆದುಬಂದ ಈ ಸ್ಥಿತಿಯನ್ನು ಪ್ರವೃತ್ತಿಯೆಂಬ ಒಂದೇ ಮಾತಿನಿಂದ ವಿವರಿಸುವುದು ಸಾಧ್ಯವಿಲ್ಲ. ಪ್ರವೃತ್ತಿಯು ಎಲ್ಲರಲ್ಲಿಯೂ ಇರತಕ್ಕದ್ದು; ಗರುಡತನವಾದರೋ ಕೆಲವೇ ಮನೆತನಗಳಿಗೆ, ಕೆಲವೇ ಪರಿವಾರದವರಿಗೆ ಸೇರಿದ್ದು. ಅದಕ್ಕೆ ಪ್ರತಿಜ್ಞೆಯಿತ್ತು, ತೊಡುವ ಚಿಹ್ನೆಯಿತ್ತು, ಸ್ಮಾರಕವಿತ್ತು. ಇವುಗಳ ಜೊತೆಗೆ ಭೂಮಿಯೂ ಇತ್ತು. ಒಡೆಯನ ಸೇವೆಯಲ್ಲಿ ನೆತ್ತರು ಸುರಿಸಿದವರ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆಯೆಂಬ ಹೆಸರೇ ಇತ್ತು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲಿನ ಪ್ರಕಾರ, ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದ ಮೇಲೆ ಎರೆಯಪ್ಪರಸನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಸತ್ತವನ ಪದವಿ ಖಾಲಿ ಉಳಿಯಲಿಲ್ಲ. ನಂಬಿಕೆಯು ಸಾಯುವವನಿಗೆ ಧೈರ್ಯ ಕೊಟ್ಟಿತು. ಭೂಮಿಯು ಅವನ ಮನೆಯವರಿಗೆ ಭರವಸೆ ಕೊಟ್ಟಿತು.

ಕ್ರಿ.ಶ. 949-50ರ ಆತಕೂರಿನ ಶಾಸನ ಈ ವ್ಯವಸ್ಥೆಯ ಎಲ್ಲ ಅಂಗಗಳನ್ನೂ ಒಂದೇ ಕಲ್ಲಿನ ಮೇಲೆ ತೋರಿಸುತ್ತದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಬನವಾಸಿ ಪನ್ನಿರ್ಛಾಸಿರವೇ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಭಟನಾದ ಮಣಲೆರನನ್ನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿ ಕೇಳಲೆಯ ಗುಡ್ಡದಲ್ಲಿ ಹಂದಿಯೊಡನೆ ಕಾದಾಡಿ, ಎರಡೂ ಸತ್ತುವು. ನಾಯಿಯ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನು ನಾಯಿ ಗೈದ ಪಾಪಕ್ಕೆ ಗುರಿಯಾಗುವನೆಂದು ಶಾಸನ ವಿಧಿಸುತ್ತದೆ. ಸಮ್ರಾಟನಿಂದ ಸಾಮಂತನಿಗೆ, ಸಾಮಂತನಿಂದ ಭಟನಿಗೆ, ಭಟನಿಂದ ನಾಯಿಗೆ ಇಳಿದ ನಿಷ್ಠೆಯ ಸರಣಿ ಇಲ್ಲಿ ಸ್ಪಷ್ಟವಾಗಿದೆ. ಪ್ರತಿದಿನವೂ ಊಟಕ್ಕೆ ಮುಂಚೆ ಅದನ್ನು ನೆನೆಯುವ ವಿಧಿಯೂ ಇದೆ. ಆಚರಣೆಯ ನಿಜವಾದ ಕೆಲಸ ಇದೇ. ಕ್ಷಣಿಕವಾದ ಭಾವವನ್ನು ಅದು ದಿನಚರಿಯಾಗಿ ಮಾಡಿ, ಆ ಭಾವವನ್ನು ಅನುಭವಿಸದ ಮುಂದಿನ ಪೀಳಿಗೆಗೂ ದಾಟಿಸುತ್ತದೆ.

ಇಷ್ಟರಿಂದ ಶಾಸನಗಳ ಸಾಕ್ಷ್ಯವನ್ನು ಪೂರ್ತಿಯಾಗಿ ನಂಬಬೇಕೆಂದಲ್ಲ. ಈ ಕಲ್ಲುಗಳನ್ನು ನಿಲ್ಲಿಸಿದವರು ಸತ್ತವರಲ್ಲ, ಬದುಕುಳಿದವರು. ಅವರಲ್ಲಿ ಅರಸನೂ, ಭೂಮಿಯನ್ನು ಪಡೆದ ಬಂಧುವೂ ಇದ್ದರು. ಕುವರಲಕ್ಷ್ಮನ ಪ್ರತಿಜ್ಞೆಯನ್ನು ಶಾಸನ ವಿಸ್ತಾರವಾಗಿ ವರ್ಣಿಸುತ್ತದೆ. ಆದರೆ ಬಾಚಹಳ್ಳಿಯ ನಾಯಕರೊಡನೆ ಸತ್ತ ದಾಸಿಯರು ಯಾವ ಪ್ರತಿಜ್ಞೆಯನ್ನು ಮಾಡಿದ್ದರು? ಮಾಡದಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಗಳಿಗೆ ಕಲ್ಲಿನಲ್ಲಿ ಉತ್ತರವಿಲ್ಲ. ನಿಷ್ಠೆಯ ಗುಣಗಾನ ಮಾಡುವ ಅಧ್ಯಾಪಕರೂ, ಅದನ್ನು ಕೇವಲ ಮೂಢನಂಬಿಕೆಯೆಂದು ಜರಿಯುವವರೂ ಈ ಮೌನವನ್ನು ಗಮನಕ್ಕೆ ತಂದುಕೊಳ್ಳುವುದು ಅವಶ್ಯಕ. ನಾಯಕನು ಕೊಟ್ಟ ಪ್ರಾಣ ಅವನದೇ ಎನ್ನಬಹುದು; ಅವನ ಪರಿವಾರದವರ ಪ್ರಾಣವನ್ನು ಕೊಟ್ಟವರು ಯಾರೆಂಬುದು ವಿಚಾರಣೀಯ.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ವಿಲಕ್ಷಣವೆಂದೂ ಭಾವಿಸಬೇಕಾಗಿಲ್ಲ. ಗಾಲ್ ಯುದ್ಧವನ್ನು ಕುರಿತು ಬರೆದ ಜೂಲಿಯಸ್ ಸೀಸರನು, ಅಕ್ವಿಟಾನಿಯಾ ಪ್ರಾಂತದ ಒಬ್ಬ ನಾಯಕನ ಸುತ್ತ 600 ಮಂದಿ ‘ಸೊಲ್ದೂರಿ’ಗಳಿದ್ದರೆಂದೂ, ಅವರು ಬಾಳಿನಲ್ಲಿ ಒಡೆಯನ ಸುಖವನ್ನು ಹಂಚಿಕೊಂಡು ಅವನ ಸಾವಿನಲ್ಲಿ ಜೊತೆಗೂಡುವ ಪ್ರತಿಜ್ಞೆ ಮಾಡಿದ್ದರೆಂದೂ ಹೇಳುತ್ತಾನೆ. ಜಪಾನಿನ ತೊಕುಗಾವ ಸರಕಾರವು ಒಡೆಯನೊಡನೆ ಸಾಯುವ ಪದ್ಧತಿಯನ್ನು 1663ರಲ್ಲಿ ನಿಷೇಧಿಸಿತು. ಆದರೂ 1912ರಲ್ಲಿ ಮೇಯಿಜಿ ಚಕ್ರವರ್ತಿಯ ಅಂತ್ಯಕ್ರಿಯೆಯ ದಿನ ಜನರಲ್ ನೋಗಿಯೂ ಅವನ ಪತ್ನಿಯೂ ಪ್ರಾಣತ್ಯಾಗ ಮಾಡಿದರು. ಪರಸ್ಪರ ಸಂಪರ್ಕವಿಲ್ಲದ ಸಮಾಜಗಳಲ್ಲಿ ಒಂದೇ ಬಗೆಯ ಪದ್ಧತಿ ಕಾಣಿಸುವುದರಿಂದ, ಮಾನವ ಸ್ವಭಾವದಲ್ಲಿ ಅದಕ್ಕೆ ಯಾವುದೋ ಆಧಾರವಿದೆಯೆಂದು ಒಪ್ಪಲೇಬೇಕು. ಒಬ್ಬನ ಆಶ್ರಯದಲ್ಲಿ ಭಯವನ್ನು ಮರೆಯುವ ಹಂಬಲ ಆ ಆಧಾರವಾಗಿರಬಹುದು. ಆದರೆ ಆ ಹಂಬಲ ಯಾವ ದಿಕ್ಕಿಗೆ ಹರಿಯಬೇಕೆಂಬುದನ್ನು ನಿರ್ಧರಿಸಿದವು ವಿಧಿಗಳು, ಸಂಸ್ಥೆಗಳು ಮತ್ತು ಕೊಡುಗೆಗಳು.

ಈ ಅಂಶ ಆಧುನಿಕ ರಾಜಕಾರಣಕ್ಕೂ ಸಲ್ಲುತ್ತದೆ. 1919ರ ಜರ್ಮನ್ ಗಣರಾಜ್ಯದಲ್ಲಿ ಸೈನಿಕನು ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡುತ್ತಿದ್ದನು. 1934ರ ಆಗಸ್ಟಿನಲ್ಲಿ ಹಿಂಡೆನ್‌ಬರ್ಗ್ ತೀರಿಕೊಂಡೊಡನೆ ಪ್ರಮಾಣದ ಮಾತುಗಳನ್ನು ಬದಲಾಯಿಸಿ, ಹಿಟ್ಲರನೆಂಬ ವ್ಯಕ್ತಿಗೆ ನಿಶ್ಶರ್ತವಾದ ವಿಧೇಯತೆಯನ್ನು ಪ್ರತಿಜ್ಞೆಮಾಡಿಸಲಾಯಿತು. ಮುಂದೆ ಅವನ ಕ್ರೌರ್ಯವನ್ನು ಕಣ್ಣಾರೆ ಕಂಡ ಅನೇಕ ಸೇನಾಧಿಕಾರಿಗಳು ತಮ್ಮ ಕೈಗಳನ್ನು ಆ ಪ್ರಮಾಣವೇ ಕಟ್ಟಿಹಾಕಿತ್ತೆಂದು ಹೇಳಿಕೊಂಡರು. ಅವರು ವಿದ್ಯಾವಂತರು, ಆದರೂ ಕೆಲವು ವಾಕ್ಯಗಳ ಆಚರಣೆ ಅವರ ವಿವೇಚನೆಗಿಂತ ಬಲವಾಯಿತು.

ಭಾರತದ ಸಂವಿಧಾನವೂ ಪ್ರಮಾಣವಚನವನ್ನು ಕೈಬಿಟ್ಟಿಲ್ಲ. ಮಂತ್ರಿಯಾಗುವವನು ಮೂರನೆಯ ಅನುಸೂಚಿಯಲ್ಲಿ ಹೇಳಿದ ಮಾತುಗಳನ್ನು ಎಲ್ಲರ ಎದುರಿಗೆ ಉಚ್ಚರಿಸತಕ್ಕದ್ದು. ಆದರೆ ಅಲ್ಲಿ ಶ್ರದ್ಧೆ ನಿಷ್ಠೆಗಳು ಸಲ್ಲುವುದು ಸಂವಿಧಾನಕ್ಕೆ. ಯಾವ ವ್ಯಕ್ತಿಗೂ ಅಲ್ಲ. ಈ ವ್ಯತ್ಯಾಸದ ಮಹತ್ತ್ವವನ್ನು ಡಾ. ಬಿ. ಆರ್. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಸ್ಪಷ್ಟಪಡಿಸಿದರು. ಧರ್ಮದಲ್ಲಿ ಭಕ್ತಿಯು ಆತ್ಮದ ಮುಕ್ತಿಗೆ ಮಾರ್ಗವಾಗಬಹುದಾದರೂ ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿಯಾಗುತ್ತದೆಂಬುದು ಅವರ ಎಚ್ಚರಿಕೆಯ ಸಾರ. ಅನ್ನದ ಋಣ, ಒಡೆಯನ ಹೆಸರಿನ ಹರಕೆ, ಗರುಡನ ತೊಡರು ಇವುಗಳ ಇತಿಹಾಸವನ್ನು ಬಲ್ಲವರಿಗೆ ಆ ಮಾತಿನ ತೂಕ ಇನ್ನೂ ಹೆಚ್ಚಾಗಿ ತಿಳಿಯುತ್ತದೆ. ಸರಕಾರದ ನೆರವನ್ನು ಪ್ರಜೆಯ ಹಕ್ಕೆಂದು ಕಾಣದೆ ನಾಯಕನು ಇಕ್ಕಿದ ಅನ್ನವೆಂದು ಕಾಣುವಲ್ಲೆಲ್ಲ ಜೋಳವಾಳಿಯ ಹಳೆಯ ನೀತಿ ಹೊಸ ವೇಷದಲ್ಲಿ ಮುಂದುವರಿದಿದೆಯೆಂದೇ ತಿಳಿಯಬೇಕು.

ವೀರಗಲ್ಲುಗಳ ಮುಂದೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಅಲ್ಲಿ ಕೆತ್ತಿದ ಧೈರ್ಯವನ್ನು ಮೆಚ್ಚುವುದರಲ್ಲಿ ತಪ್ಪಿಲ್ಲ. ಅದರೊಡನೆ, ಆ ನಿಷ್ಠೆ ಯಾರಿಗೆ ಸಂದಿತು, ಅದನ್ನು ಕಟ್ಟಿದ ವಿಧಿ ಯಾವುದು, ಅದರಿಂದ ಭೂಮಿ ಪಡೆದವರು ಯಾರು, ಹೆಸರಿಲ್ಲದೆ ಸತ್ತವರು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನೂ ಕೇಳುವ ಅಭ್ಯಾಸವನ್ನು ಬೆಳೆಸಿದರೆ, ಶಾಸನಾಧ್ಯಯನವು ಪೌರಶಿಕ್ಷಣಕ್ಕೂ ನೆರವಾದೀತೆಂದು ನಾವು ನಂಬುತ್ತೇವೆ.