ಫಸ್ಟ್ ಕಾಪಿ ವಾಚು ಕೆಟ್ಟರೆ ಹಣ ವಾಪಸ್ ಬರುತ್ತದೆಯೇ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಕೊಂಡ ಫಸ್ಟ್ ಕಾಪಿ ರೋಲೆಕ್ಸ್ ವಾರದಲ್ಲೇ ನಿಂತುಹೋಯಿತು. ಮಾರಿದವರು ವಾಪಸ್ ತೆಗೆದುಕೊಳ್ಳುತ್ತಿಲ್ಲ. ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದೇ?

ಉತ್ತರ: ಮಾರುವಾಗ ಅವರು ಏನು ಹೇಳಿದ್ದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಸಲಿ ಎಂದು ನಂಬಿಸಿ ನಕಲಿ ಕೊಟ್ಟಿದ್ದರೆ ನಿಮ್ಮ ಪಕ್ಷ ಬಲವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅಸಲಿಯೆಂದು ಸುಳ್ಳು ಹೇಳಿ ಮಾರುವ ವಸ್ತುವಿಗೆ ಪ್ರತ್ಯೇಕ ವ್ಯಾಖ್ಯೆಯೇ ಇದೆ. ಇಂಥ ಸರಕನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರಾಟಗಾರ ಹೇಳುವಂತಿಲ್ಲ ಎನ್ನುತ್ತವೆ 2020ರ ಇ-ಕಾಮರ್ಸ್ ನಿಯಮಗಳು. ಜಾಹೀರಾತಿನ ಸ್ಕ್ರೀನ್‌ಶಾಟ್, ಚಾಟ್, ಹಣ ಪಾವತಿಯ ದಾಖಲೆ ಜೋಪಾನವಾಗಿಡಿ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಿ. ವಸ್ತುವಿನ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಬ್ಯಾಂಕಿಗೂ ಬೇಗ ತಿಳಿಸಿ, ನಕಲಿ ಸರಕು ಎಂಬ ಕಾರಣಕ್ಕೆ ಚಾರ್ಜ್‌ಬ್ಯಾಕ್ ಕೇಳಲು ಅವಕಾಶವಿದೆ.

ಆದರೆ ನೀವೇ ‘ಫಸ್ಟ್ ಕಾಪಿ’, ಅಂದರೆ ನಕಲಿ, ಎಂದು ಬರೆದಿದ್ದೀರಿ. ನಕಲಿ ಎಂದು ತಿಳಿದೇ ಕೊಂಡಿದ್ದರೆ ದಾರಿ ಬಹಳ ಕಷ್ಟ. ಕಾನೂನಿಗೆ ವಿರುದ್ಧವಾದ ಉದ್ದೇಶದ ಒಪ್ಪಂದ 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅನೂರ್ಜಿತ. ಗೊತ್ತಿದ್ದೂ ಅದರಲ್ಲಿ ಪಾಲುಗೊಂಡವರ ನೆರವಿಗೆ ನ್ಯಾಯಾಲಯಗಳು ಸಾಮಾನ್ಯವಾಗಿ ಬರುವುದಿಲ್ಲ. ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತು. ಅವರ ಧೈರ್ಯಕ್ಕೆ ಅದೇ ಕಾರಣ.

ಹೋದ ಹಣ ಹುಟ್ಟಿಸಿಕೊಳ್ಳಲು ಆ ವಾಚನ್ನು ಮತ್ತೊಬ್ಬರಿಗೆ ಮಾತ್ರ ಮಾರಬೇಡಿ. ನಕಲಿ ಟ್ರೇಡ್‌ಮಾರ್ಕ್ ಇರುವ ಸರಕು ಮಾರಿದವರಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡವೂ ಇದೆ.